2047ಕ್ಕೆ 100 ಗಿಗಾವ್ಯಾಟ್: ಕೈಗಾದಲ್ಲಿ ದುಡಿದವರು ಯಾರಾದರೂ ಇದ್ದೀರಾ?

ಪ್ರಶ್ನೆ (ಅಂಕೋಲೆಯಿಂದ)

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2047ರ ಹೊತ್ತಿಗೆ ದೇಶದಲ್ಲಿ 100 ಗಿಗಾವ್ಯಾಟ್ ಅಣುವಿದ್ಯುತ್ ಸಾಮರ್ಥ್ಯ ಬೇಕೆಂಬುದು ಕೇಂದ್ರ ಸರ್ಕಾರದ ಗುರಿ. ಈಗಿರುವುದು ಸುಮಾರು 8.8. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಬಂದು ಹಲಗೆಯ ಮೇಲೆ ಭಾಗಿಸಿಯೇ ಬಿಟ್ಟಳು: 700 ಮೆಗಾವ್ಯಾಟ್‌ನ ರಿಯಾಕ್ಟರ್ ಆದರೆ 130 ಬೇಕು, ವರ್ಷಕ್ಕೆ ಆರು. "ಅಕ್ಕೋರೇ, ಕೈಗಾ ಕಟ್ಟಲು ಎಷ್ಟು ವರ್ಷ ಹಿಡಿಯಿತು?" ಎಂದಳು. ಕೈಯಲ್ಲಿ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ. ಬಲ್ಲವರು ಹೇಳಿ. ಪರ–ವಿರೋಧದ ಭಾಷಣ ಬೇಡ.

ಉತ್ತರ (ನಿವೃತ್ತ, ಇಂಧನ ತುಂಬುವ ವಿಭಾಗ)

ಅಕ್ಕೋರೇ, ಮಲ್ಲಾಪುರದ ವಸತಿಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಒಂದನೆಯ ಘಟಕದ ಕೆಲಸ ಶುರುವಾದದ್ದು 1989ರಲ್ಲಿ. 1994ರ ಮೇ ತಿಂಗಳಲ್ಲಿ ಗುಮ್ಮಟದ ಒಳಮೈಯ ಕಾಂಕ್ರೀಟ್ ಕಳಚಿ ಬಿತ್ತು. ವಾಣಿಜ್ಯ ಉತ್ಪಾದನೆ ಆರಂಭವಾಗುವಾಗ 2000ದ ನವೆಂಬರ್. ಆದರೆ ಇದೊಂದನ್ನೇ ಹುಡುಗಿಗೆ ಹೇಳಿದರೆ ಅನ್ಯಾಯವಾದೀತು. ಮೂರನೆಯದು 2002ರಲ್ಲಿ ಶುರುವಾಗಿ 2007ರಲ್ಲಿ ಮುಗಿಯಿತು. ಐದೇ ವರ್ಷ! 2002ರಲ್ಲೇ ಅದರ ಪಕ್ಕದಲ್ಲಿ ಶುರುವಾದ ನಾಲ್ಕನೆಯದು ಮಾತ್ರ ಯುರೇನಿಯಂ ಸಾಲದೆ 2011ರವರೆಗೆ ಕಾಯಿತು. ಮನೆ ಕಟ್ಟಿ, ಅಕ್ಕಿ ಇಲ್ಲದೆ ಗೃಹಪ್ರವೇಶ ಮುಂದೂಡಿದಂತೆ.

ಸಿಮೆಂಟಿನ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ, ಇಂಧನದ್ದನ್ನು ಯಾರೂ ಕೇಳುವುದಿಲ್ಲ. ಕೈಗಾದ ಒಂದು ಘಟಕದಲ್ಲಿ ಇಂಧನ ಕೂರುವ 306 ನಾಳಗಳಿವೆ. ರಿಯಾಕ್ಟರ್ ಓಡುತ್ತಿರುವಾಗಲೇ ನಾಳದ ಎರಡೂ ತುದಿಗೆ ಒಂದೊಂದು ಯಂತ್ರ ಕಚ್ಚಿಕೊಳ್ಳುತ್ತದೆ. ಒಂದು ಯಂತ್ರ ಹೊಸ ಬಂಡಲ್ (ಯುರೇನಿಯಂ ತುಂಬಿದ ಕೊಳವೆಗಳ ಕಟ್ಟು) ತಳ್ಳಿದರೆ ಇನ್ನೊಂದು ಯಂತ್ರ ಹಳೆಯದನ್ನು ಪಡೆಯುತ್ತದೆ. ಒಲೆ ಆರಿಸದೆ ಕಟ್ಟಿಗೆ ಒಟ್ಟುವ ಕೆಲಸ. ಒಂದನೆಯ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿದ್ದು ಹೀಗೆ.

ಇನ್ನು 700ರ ಮಾದರಿ. ಅದರಲ್ಲಿ ಮೊದಲನೆಯದಾದ ಗುಜರಾತಿನ ಕಾಕ್ರಾಪಾರ್ 3 ತೆಗೆದುಕೊಂಡದ್ದು 2010ರಿಂದ 2023. ಕೈಗಾ 5 ಮತ್ತು 6 ಇದೇ ಮಾದರಿಯವು.

ಉತ್ತರ (ಕಾಳಿ ದಂಡೆಯಿಂದ)

ಭಾಷಣ ಬೇಡವೆಂದಿರಿ, ಆದ್ದರಿಂದ ಒಂದೇ ಮಾತು. ದೊಡ್ಡ ತಂತಿ ನಮ್ಮ ಅಡಿಕೆ ತೋಟದ ಅಂಚಿನಲ್ಲೇ ಹಾದುಹೋಗುತ್ತದೆ. ಆಷಾಢದ ಗಾಳಿಗೆ ಮರ ಬಿದ್ದರೆ ನಮ್ಮ ಮನೆಯಲ್ಲಿ ನಾಲ್ಕು ದಿನ ಚಿಮಣಿ ಬುಡ್ಡಿ. 130ರ ಲೆಕ್ಕದಲ್ಲಿ ಇದು ಯಾವ ಸಾಲಿಗೆ ಬರುತ್ತದೆ?

ಉತ್ತರ (ನಿವೃತ್ತ)

ನಿಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಉತ್ಪಾದನೆಯ ಕಡೆ ದುಡಿದವರು ನಾವು, ಕಂಬದ ಕಡೆಯವರು ಬೇರೆ ಎಂದು ಹಿಂದೆಲ್ಲ ಜಾರಿಕೊಳ್ಳುತ್ತಿದ್ದೆ. ಮಲ್ಲಾಪುರ ಬಿಟ್ಟು ಊರಿಗೆ ಬಂದ ಮೇಲೆ ನಾನೂ ಬುಡ್ಡಿ ಒರೆಸಿ ಇಟ್ಟುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ನಮಸ್ಕಾರ. ನಾಳೆ ಹಲಗೆಯ ಮೇಲೆ 2007, 2011 ಎರಡನ್ನೂ ಬರೆಸುತ್ತೇನೆ. ಬಂಡಲ್ ಎಷ್ಟು ದೊಡ್ಡದು ಎಂದು ಆಕೆ ಕೇಳದೆ ಬಿಡುವವಳಲ್ಲ.

ಉತ್ತರ (ನಿವೃತ್ತ)

ಒಂದು ಮೊಳ ಉದ್ದ, ಸುಮಾರು 16 ಕಿಲೊ. ಹೊಸದನ್ನು ಕೈಗವಸು ಹಾಕಿ ಎತ್ತಿದ್ದೇನೆ. ಒಳಗೆ ಹೋಗಿ ಬಂದದ್ದನ್ನು ಯಾರೂ ಮುಟ್ಟುವಂತಿಲ್ಲ.