ದುಬೈಯಲ್ಲಿ ಮಕ್ಕಳ ಜೊತೆ ಒಂದು ರಾತ್ರಿ ಟೆಂಟ್: ಎಲ್ಲಿಗೆ ಹೋಗಬಹುದು?

ಕೇಳಿದವರು, ದುಬೈ

ನಮಸ್ಕಾರ. ನಾವು ದಾವಣಗೆರೆ ಕಡೆಯವರು, ಇಲ್ಲಿಗೆ ಬಂದು ಎಂಟು ತಿಂಗಳಾಯ್ತು. ಡಿಸೆಂಬರ್‌ನಲ್ಲಿ ಒಂದು ಶನಿವಾರ ರಾತ್ರಿ ಹೊರಗೆ ಟೆಂಟ್ ಹಾಕಿ ಮಲಗಬೇಕು ಅಂತ ಆಸೆ. ಮಕ್ಕಳಿಗೆ ಒಂಬತ್ತು, ನಾಲ್ಕು ವರ್ಷ. ಇರುವುದು ಸಾಧಾರಣ ಸೆಡಾನ್ ಕಾರು. ಎಲ್ಲಿಗೆ ಹೋಗಬಹುದು, ಏನೇನು ಒಯ್ಯಬೇಕು? ಹೆಂಡತಿಗೆ ಚೇಳಿನ ಭಯ ಬೇರೆ.

ಶಾರ್ಜಾದಿಂದ

ಸರ್, ನಾನು ಬಂದು ಹನ್ನೊಂದು ವರ್ಷ. ಮೊದಲನೇ ಮಾತು, ಸೆಡಾನ್ ತಗೊಂಡು ಮರಳಿಗೆ ಇಳಿಯಬೇಡಿ. ಐವತ್ತು ಅಡಿ ತಾನೇ ಅಂತ ಕೂಡ ಬೇಡ. ನಾನು ಹಾಗೇ ಇಳಿದಿದ್ದೆ, ಅಲ್ ಕುದ್ರಾ ಹತ್ತಿರ. ಟಾರು ರಸ್ತೆ ಕಣ್ಣಿಗೆ ಕಾಣುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡಿತು, ಕೊನೆಗೆ ಕಾರಿನ ಹೊಟ್ಟೆ ಮರಳಿಗೆ ಕೂತುಬಿಟ್ಟಿತು. ಪಿಕಪ್‌ನಲ್ಲಿ ಬಂದ ಒಬ್ಬ ಪಠಾಣ್ ಚಾಚಾ ನಗುತ್ತಲೇ ನಾಲ್ಕೂ ಟೈರಿನ ಗಾಳಿ ಅರ್ಧ ಬಿಟ್ಟು, ಹಗ್ಗ ಕಟ್ಟಿ ಎಳೆದು, ದುಡ್ಡು ಕೊಟ್ಟರೆ ಬೇಡ ಅಂತ ಹೊರಟೇಹೋದ. ಫೋರ್ ವೀಲ್ ಡ್ರೈವ್ ಇರುವವರೇ ಟೈರಿನ ಗಾಳಿಯ ಒತ್ತಡವನ್ನು 15-18 ಪಿಎಸ್‌ಐಗೆ (ಪಂಪಿನ ಮೀಟರ್ ತೋರಿಸುವ ಅಳತೆ) ಇಳಿಸಿಕೊಂಡು ಹೋಗುತ್ತಾರೆ, ಅದೂ ಎರಡು ಗಾಡಿ ಜೊತೆಗಿದ್ದರೆ ಮಾತ್ರ.

ನಿಮಗೆ ಮೂರು ಜಾಗ ಸಾಕು. ಅಲ್ ಕುದ್ರಾ ಕೆರೆಗಳು ದುಬೈಗೆ ಹತ್ತಿರ, ಮಕ್ಕಳಿಗೆ ಹಕ್ಕಿ ನೋಡೋಕೆ ಸಿಗುತ್ತವೆ, ಏನಾದರೂ ಎಡವಟ್ಟಾದರೆ ಒಂದು ಗಂಟೆಯೊಳಗೆ ಮನೆ ಸೇರಬಹುದು. ಮೊದಲ ಸಲಕ್ಕೆ ಇದೇ ಸರಿ. ಹತ್ತಾ ಅನ್ನೋ ಊರಾದರೆ ಬೆಟ್ಟ, ಅಣೆಕಟ್ಟು, ಕಯಾಕ್ ಎಲ್ಲ ಇದೆ, ಕಾಸು ಕೊಟ್ಟರೆ ಶೌಚಾಲಯ ಇರುವ ಕ್ಯಾಂಪ್ ಜಾಗವೂ ಸಿಗುತ್ತದೆ. ಜಬಲ್ ಜೈಸ್ 1,934 ಮೀಟರ್, ದೇಶದಲ್ಲೇ ಅತಿ ಎತ್ತರದ ಬೆಟ್ಟ. ರಸ್ತೆ ಬೆಣ್ಣೆ ಹಾಗಿದೆ, ಆದರೆ ರಾತ್ರಿ ಗಾಳಿ ಟೆಂಟನ್ನೇ ಎತ್ತುತ್ತದೆ. ನಾಲ್ಕು ವರ್ಷದ ಮಗು ಜೊತೆ ನಾನಂತೂ ಹೋಗಲ್ಲ. ಹೋಗೋದಾದರೆ ರಸ್ತೆ ತೆರೆದಿದೆಯಾ ಅಂತ ಹೊರಡುವ ದಿನವೇ ನೋಡಿಕೊಳ್ಳಿ.

ಹೊಸಬರು ಬಿಸಿಲಿಗೆ ಹೆದರುತ್ತಾರೆ. ಡಿಸೆಂಬರ್‌ನಲ್ಲಿ ಕಾಡುವುದು ಬಿಸಿಲಲ್ಲ, ನೀರು! ನಗಬೇಡಿ. ಬೆಳಗಿನ ಜಾವ ಎಷ್ಟು ಇಬ್ಬನಿ ಬೀಳುತ್ತದೆ ಅಂದರೆ, ನಮ್ಮ ಟೆಂಟ್ ಒಳಗಡೆ ಸೋರುತ್ತಿತ್ತು. ಮಗಳು ಎದ್ದು "ಅಪ್ಪಾ, ಮಳೆ" ಅಂದಳು. ಹೊರಗೆ ಬಂದು ನೋಡಿದರೆ ಆಕಾಶದ ತುಂಬಾ ನಕ್ಷತ್ರ. ಟೆಂಟಿನ ಮೇಲ್ಹೊದಿಕೆ ಬಿಗಿಯಾಗಿ ಎಳೆದು ಕಟ್ಟಿ, ಕಿಟಕಿ ಸ್ವಲ್ಪ ತೆರೆದಿಡಿ. ಮೈಗೆ ಸ್ವೆಟರ್, ತಲೆಗೆ ಟೋಪಿ ಬೇಕೇ ಬೇಕು.

ಇನ್ನೊಂದು ನೀರು ವಾದಿಯದು. ವಾದಿ ಅಂದರೆ ನಮ್ಮ ಕಡೆಯ ಹಳ್ಳವೇ. ಒಣಗಿರುತ್ತದೆ, ಸಮತಟ್ಟಾಗಿರುತ್ತದೆ, ನಾಲ್ಕು ಮರ ಇರುತ್ತವೆ, ಟೆಂಟ್ ಹಾಕೋಕೆ ಅಂತಲೇ ಮಾಡಿಟ್ಟ ಹಾಗೆ ಕಾಣುತ್ತದೆ. ಹಾಕಬೇಡಿ. ನೀವಿರುವ ಕಡೆ ಮೋಡ ಇಲ್ಲದಿದ್ದರೂ ಹಜರ್ ಬೆಟ್ಟಗಳಲ್ಲಿ ಮಳೆ ಆಗಿರಬಹುದು. ಅದು ಬೋಳು ಕಲ್ಲು, ನೀರು ಇಂಗಲ್ಲ, ಸೀದಾ ಹಳ್ಳಕ್ಕೆ ನುಗ್ಗುತ್ತದೆ. 2024ರ ಏಪ್ರಿಲ್ 16ರ ಮಳೆ ನೆನಪಿರಬಹುದು, ಅಲ್ ಐನ್ ಕಡೆ ಒಂದೆಡೆ 24 ಗಂಟೆ ತುಂಬುವ ಮೊದಲೇ 254 ಮಿಲಿಮೀಟರ್ ಸುರಿದಿತ್ತು. ಮಳೆಯಲ್ಲಿ ವಾದಿ ನೋಡೋಕೆ ಹೋಗಿ ನಿಂತರೂ 1,000 ದಿರ್ಹಂ ದಂಡ ಅಂತ 2023ರಲ್ಲಿ ನಿಯಮ ಬಂತು. ತುಂಬಿದ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಂ, ಲೈಸೆನ್ಸ್ ಮೇಲೆ 23 ಬ್ಲ್ಯಾಕ್ ಪಾಯಿಂಟ್ (ತಪ್ಪಿಗೆ ಬೀಳುವ ಅಂಕ), ಗಾಡಿ 60 ದಿನ ಜಪ್ತಿ.

ಬೆಂಕಿ ನೆಲದ ಮೇಲೆ ಬೇಡ, ಕಾಲಿರುವ ಗ್ರಿಲ್‌ನಲ್ಲಿ ಮಾಡಿ. ಸೌದೆ ಮನೆಯಿಂದಲೇ ತಗೊಂಡು ಹೋಗಿ. ಅಲ್ಲಿ ಒಣಗಿದ ಹಾಗೆ ಕಾಣುವ ಘಾಫ್ ಮರದ ಕೊಂಬೆ ಮುರಿಯಬೇಡಿ. ಅದು ಇಲ್ಲಿನ ರಾಷ್ಟ್ರೀಯ ಮರ, ಕಾನೂನಿನ ರಕ್ಷಣೆ ಇದೆ. ಅಂದಹಾಗೆ ಅದು ಬೇರೆ ಯಾವುದೂ ಅಲ್ಲ, ದಸರಾದಲ್ಲಿ ನಾವು ಬಂಗಾರ ಅಂತ ಎಲೆ ಹಂಚುವ ಬನ್ನಿ ಮರವೇ. ನನಗೆ ಗೊತ್ತಾದದ್ದು ಆರು ವರ್ಷ ಅದರ ನೆರಳಲ್ಲಿ ಕೂತ ಮೇಲೆ.

ಅಜ್ಮಾನ್‌ನಿಂದ

ಅಣ್ಣ ಎಲ್ಲ ಹೇಳಿದರು, ಹತ್ತಾ ಬಿಟ್ಟು ಉಳಿದ ಕಡೆ ಶೌಚಾಲಯಕ್ಕೆ ಏನು ಮಾಡೋದು ಅನ್ನೋದೊಂದು ಬಿಟ್ಟು! ಗಂಡಸರಿಗೆ ಅದು ನೆನಪಾಗೋದೇ ಇಲ್ಲ. ಹೊರಡುವ ಮುಂಚೆ ಕೊನೆಯ ಪೆಟ್ರೋಲ್ ಪಂಪ್ ಎಲ್ಲಿದೆ ಅಂತ ನೋಡಿಟ್ಟುಕೊಂಡು, ಅದಕ್ಕೆ ಹತ್ತು ನಿಮಿಷದ ದಾರಿಯಲ್ಲೇ ಟೆಂಟ್ ಹಾಕಿ.

ಚೇಳಿನ ವಿಷಯಕ್ಕೆ ಬರೋಣ. ಚಳಿಗಾಲದಲ್ಲಿ ಕಮ್ಮಿ, ಆದರೆ ಇಲ್ಲ ಅನ್ನೋ ಹಾಗಿಲ್ಲ. ಟೆಂಟಿನ ಜಿಪ್ ಯಾವಾಗಲೂ ಹಾಕಿರಲಿ. ಬೂಟು ಹೊರಗೆ ಬಿಡಬೇಡಿ, ಬಿಟ್ಟರೆ ಝಾಡಿಸಿ ಹಾಕಿಕೊಳ್ಳಿ. ನಾವು ಒಂದು ಅಲ್ಟ್ರಾವಯಲೆಟ್ ಟಾರ್ಚ್ ತಗೊಂಡ್ವಿ. ಆ ಬೆಳಕು ಬಿದ್ದರೆ ಚೇಳು ಹಸಿರು ನಿಯಾನ್ ದೀಪದ ಹಾಗೆ ಹೊಳೆಯುತ್ತದೆ. ಒಂದು ಸಲ ಕಿರುಬೆರಳಿನಷ್ಟು ಉದ್ದದ್ದು ಕಂಡಿತು, ಕೊಂಡಿ ಎತ್ತಿಕೊಂಡು ಪೊದೆಯ ಬುಡಕ್ಕೆ ಹೋಯಿತು. ಆಮೇಲೆ ನನ್ನ ಭಯ ಅರ್ಧ ಇಳಿಯಿತು. ಎಲ್ಲಿದೆ ಅಂತ ಗೊತ್ತಾದರೆ ಸಾಕು ಅಲ್ವಾ?

ಅಡುಗೆ ಮನೆಯಲ್ಲೇ ಮುಗಿಸಿಕೊಳ್ಳಿ. ಚಪಾತಿ, ಚಟ್ನಿಪುಡಿ, ಚಿತ್ರಾನ್ನ. ದಾವಣಗೆರೆಯವರು ಅಂತೀರಿ, ಮಂಡಕ್ಕಿ ಮಿರ್ಚಿ ಆಸೆ ಆಗಬಹುದು. ನಾವು ಮರಳಿನಲ್ಲಿ ಬಜ್ಜಿ ಕರಿಯೋಕೆ ಹೋಗಿ ಕಡಲೆಹಿಟ್ಟಿನ ಜೊತೆ ಮರಳೂ ತಿಂದ್ವಿ, ಮಂಡಕ್ಕಿ ಗಾಳಿಗೆ ಹಾರಿ ಒಂಟೆಗಳ ಪಾಲಾಯ್ತು. ಮಂಡಕ್ಕಿ ಹೋದರೆ ಹೋಯ್ತು, ಪ್ಲಾಸ್ಟಿಕ್ ಚೀಲ ಮಾತ್ರ ಹಾರೋಕೆ ಬಿಡಬೇಡಿ. ಅದನ್ನು ತಿಂದು ಒಂಟೆಗಳು ಸಾಯುತ್ತವೆ.

ಮಸ್ಕತ್‌ನಿಂದ

ಮುಂದಿನ ಸಲ ಈ ಕಡೆ, ಒಮಾನ್‌ಗೆ ಬನ್ನಿ. ಸಮುದ್ರದ ದಡದಲ್ಲಿ, ಫಿನ್ಸ್ ಊರಿನ ಹತ್ತಿರ, ಟೆಂಟ್ ಹಾಕಿದರೆ ಬೆಳಗ್ಗೆ ಎದ್ದು ವಾದಿ ಶಾಬ್ ಕಣಿವೆಗೆ ಹೋಗಬಹುದು. ಕಾರಿನ ಇನ್ಶೂರೆನ್ಸ್ ಒಮಾನ್‌ಗೂ ಅನ್ವಯಿಸುತ್ತದಾ ನೋಡಿಕೊಳ್ಳಿ. ಜಬಲ್ ಅಖ್ದರ್ ಬೆಟ್ಟಕ್ಕೆ ಮಾತ್ರ ಸೆಡಾನ್ ಬಿಡಲ್ಲ, ಕೆಳಗಿನ ಪೊಲೀಸ್ ಚೌಕಿಯಲ್ಲೇ ವಾಪಸ್ ಕಳಿಸುತ್ತಾರೆ.

ಕೇಳಿದವರು, ಮೂರು ವಾರದ ನಂತರ

ಹೋಗಿ ಬಂದ್ವಿ, ಅಲ್ ಕುದ್ರಾಗೇ. ಗೂಟ ಮರಳಿನಲ್ಲಿ ನಿಲ್ಲಲೇ ಇಲ್ಲ, ಪಕ್ಕದ ಟೆಂಟಿನ ಕೇರಳದವರು ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತುಹಾಕೋದು ಹೇಳಿಕೊಟ್ಟರು. ಚೇಳು ಸಿಗಲಿಲ್ಲ, ದೊಡ್ಡವನಿಗೆ ಅದೇ ಬೇಜಾರು. ಹೆಂಡತಿ ರಾತ್ರಿ ಎರಡು ಗಂಟೆವರೆಗೂ ಟಾರ್ಚ್ ಹಿಡಿದು ಕೂತಿದ್ದಳು, ಆಮೇಲೆ ನಮ್ಮೆಲ್ಲರಿಗಿಂತ ಗಾಢ ನಿದ್ದೆ. ಇಬ್ಬನಿ ಮಾತ್ರ ಶಾರ್ಜಾ ಸರ್ ಹೇಳಿದ ಹಾಗೇ. ಈಗ ಹೊಸ ಸಮಸ್ಯೆ: ಒದ್ದೆ ಟೆಂಟನ್ನು ಬಾಲ್ಕನಿಯಲ್ಲಿ ಹರಡಿದ್ದಕ್ಕೆ ವಾಚ್‌ಮನ್ ಬಂದು ತೆಗೆಯಿರಿ ಅಂದ. ನೀವೆಲ್ಲ ಎಲ್ಲಿ ಒಣಗಿಸುತ್ತೀರಿ?