ಇಂದ್ರಿಯ ತಂದುಕೊಟ್ಟದ್ದನ್ನು ಬುದ್ಧಿ ವಿಚಾರಿಸುತ್ತದೆ ಎಂಬ ಕ್ರಮ ಸರಿಯೇ?

ಪ್ರಶ್ನೆ: ಅಧ್ಯಾಪಕ, ಚಳ್ಳಕೆರೆ

ನಮ್ಮ ತಾಲ್ಲೂಕಿನ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ ಇಸ್ರೋದ ರೆಕ್ಕೆಯುಳ್ಳ ನೌಕೆಯು 2023ರ ಏಪ್ರಿಲ್‌ನಲ್ಲಿ ಮೊದಲ ಬಾರಿ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಬಾರಿ, ಚಾಲಕನಿಲ್ಲದೆ ರನ್‌ವೇ ಮೇಲೆ ಇಳಿದದ್ದು ತಮಗೆಲ್ಲ ತಿಳಿದೇ ಇದೆ. ಮೂರನೆಯ ಪ್ರಯೋಗದಲ್ಲಿ ಹೆಲಿಕಾಪ್ಟರ್ ಅದನ್ನು ರನ್‌ವೇಯ ನೇರಕ್ಕೆ ಬಿಡದೆ, ಬೇಕೆಂದೇ 500 ಮೀಟರ್ ಪಕ್ಕಕ್ಕೆ ಬಿಟ್ಟಿತ್ತು. ನೌಕೆ ತನ್ನ ದಾರಿಯನ್ನು ತಾನೇ ತಿದ್ದಿಕೊಂಡು ಇಳಿಯಿತು. ತರಗತಿಯಲ್ಲಿ ಇದನ್ನು ವಿವರಿಸುವಾಗ ವಿದ್ಯಾರ್ಥಿನಿಯೊಬ್ಬಳು, "ಅದಕ್ಕೆ ರನ್‌ವೇ ಕಾಣಿಸುತ್ತಿತ್ತೇ ಸರ್?" ಎಂದು ಕೇಳಿದಳು. ಇಂದ್ರಿಯಗಳು ಮಾಹಿತಿ ತರುತ್ತವೆ, ಆಮೇಲೆ ಬುದ್ಧಿ ಅದನ್ನು ವಿಚಾರಿಸುತ್ತದೆ ಎಂದೇ ನಾವು ಪಾಠ ಮಾಡುತ್ತೇವೆ. ಈ ಕ್ರಮ ಜೀವಿಗಳಿಗಾಗಲಿ ಯಂತ್ರಗಳಿಗಾಗಲಿ ನಿಜವಾಗಿ ಹೊಂದುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಎಂಜಿನಿಯರ್, ದಾವಣಗೆರೆ

ಆ ನೌಕೆಯ ಯಾವ ಸೆನ್ಸರ್ ಕೂಡ "ಇದು ರನ್‌ವೇ" ಎಂದು ಹೇಳುವುದಿಲ್ಲ. ಚಲನೆಯನ್ನು ಅಳೆಯುವ ಜಡತ್ವ ಸೆನ್ಸರ್‌ನ ಲೆಕ್ಕದಲ್ಲಿ ಹೊತ್ತು ಕಳೆದಂತೆ ತಪ್ಪು ಸೇರುತ್ತಾ ಹೋಗುತ್ತದೆ. ರೇಡಾರ್ ಎತ್ತರವನ್ನಷ್ಟೇ ಹೇಳುತ್ತದೆ. ಭಾರತದ ಸ್ಥಾನ ಸೂಚಕ ನಾವಿಕ್ ಉಪಗ್ರಹಗಳು ಮತ್ತು ನೆಲದ ಮೇಲೆ ಇರಿಸಿದ ಸಂಕೇತ ಕೇಂದ್ರಗಳು ಸ್ಥಾನವನ್ನು ತಿಳಿಸುತ್ತವೆ. ಇವುಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ಗಣಕ ಕ್ಷಣಕ್ಷಣಕ್ಕೂ ತೂಗಿ ನೋಡಿ ಒಂದು ಅಂದಾಜಿಗೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅವರು, ನಮ್ಮ ನೋಟವೂ ನಮಗೆ ಅರಿವಿಲ್ಲದೆ ನಡೆಯುವ ಒಂದು ಅನುಮಾನ, ಅಂದರೆ ಸುಳಿವುಗಳಿಂದ ತೀರ್ಮಾನಕ್ಕೆ ಬರುವ ಕ್ರಿಯೆ, ಎಂದು ವಾದಿಸಿದ್ದರು. ಹಾಗಾಗಿ ಗ್ರಹಿಕೆ ಮುಗಿದ ಮೇಲೆ ವಿಚಾರ ಶುರುವಾಗುತ್ತದೆ ಎಂಬ ಗೆರೆಯನ್ನು ನಾನು ಎಳೆಯಲಾರೆ. ಆದರೆ ನಿಮ್ಮ ವಿದ್ಯಾರ್ಥಿನಿಗೆ "ಕಾಣಿಸುತ್ತಿರಲಿಲ್ಲ" ಎಂದೇ ಉತ್ತರಿಸುತ್ತೇನೆ, ಏಕೆಂದರೆ ರನ್‌ವೇ ಎಲ್ಲಿದೆ, ಅಲ್ಲಿ ಏಕೆ ಇಳಿಯಬೇಕು ಎಂಬ ಎರಡನ್ನೂ ಮನುಷ್ಯರು ಮೊದಲೇ ಅದರೊಳಗೆ ಇಟ್ಟಿದ್ದರು.

ಉತ್ತರ: ಜೀವಶಾಸ್ತ್ರ ಉಪನ್ಯಾಸಕಿ, ಹರಿಹರ

ಮೇಲಿನ ಮಾತನ್ನು ಒಪ್ಪುತ್ತಲೇ ಒಂದು ಸಂಗತಿಯನ್ನು ಸೇರಿಸಬೇಕಾಗಿದೆ. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಆಲನ್ ಹೈನ್ ಅವರು ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ, ಗೋಡೆಗೆ ಪಟ್ಟೆ ಬಳಿದ ಒಂದು ದುಂಡನೆಯ ಕಟ್ಟಣೆಯೊಳಗೆ ದಿನಕ್ಕೆ ಮೂರು ಗಂಟೆ ಇರಿಸುತ್ತಿದ್ದರು. ಒಂದು ಮರಿ ತನ್ನ ಕಾಲಲ್ಲಿ ನಡೆಯುತ್ತಿತ್ತು. ಅದರ ನಡೆಗೆ ತಕ್ಕಂತೆ, ತೂಗುತೊಟ್ಟಿಯಲ್ಲಿ ಕುಳಿತ ಇನ್ನೊಂದು ಮರಿಯೂ ಸುತ್ತುತ್ತಿತ್ತು. ಎರಡರ ಕಣ್ಣಿಗೂ ಬಿದ್ದ ದೃಶ್ಯ ಹೆಚ್ಚುಕಡಿಮೆ ಒಂದೇ. ಆದರೂ ಮೇಜಿನ ಹತ್ತಿರಕ್ಕೆ ಇಳಿಸಿದಾಗ ನಡೆದಾಡಿದ ಮರಿ ಮುಂಗಾಲು ಚಾಚಿತು, ಕುಳಿತ ಮರಿ ಚಾಚಲಿಲ್ಲ. ಆಳವಿರುವ ಕಡೆಗೂ ಅದು ಹಿಂಜರಿಯದೆ ಹೆಜ್ಜೆಯಿಟ್ಟಿತು. ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟ ಮೇಲೆ ಕೆಲವೇ ದಿನಗಳಲ್ಲಿ ಸರಿಹೋಯಿತು. ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ತಾನು ಕದಲಿದರೆ ದೃಶ್ಯ ಹೇಗೆ ಬದಲಾಗುತ್ತದೆ ಎಂಬ ಅನುಭವ ಮಾತ್ರ ಇರಲಿಲ್ಲ.

ಇದೇ ಹೆಲ್ಡ್ ಅವರು ಬಹಳ ವರ್ಷಗಳ ನಂತರ, ಪವನ್ ಸಿನ್ಹಾ ಅವರ ಪ್ರಕಾಶ್ ಯೋಜನೆಯಲ್ಲಿ, ಹುಟ್ಟಿನಿಂದ ಕುರುಡಾಗಿದ್ದು ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಭಾರತದ ಮಕ್ಕಳನ್ನು ಪರೀಕ್ಷಿಸಿದರು. ಆ ಫಲಿತಾಂಶ ಪ್ರಕಟವಾದದ್ದು 2011ರಲ್ಲಿ. ಕೈಯಿಂದ ಮುಟ್ಟಿ ತಿಳಿದ ಆಕಾರವನ್ನು ಕಣ್ಣಿನಿಂದ ಗುರುತಿಸಲು ಆ ಮಕ್ಕಳಿಗೆ ಮೊದಲಿಗೆ ಆಗಲಿಲ್ಲ. ಕೆಲವು ದಿನ ಕಳೆಯುವಷ್ಟರಲ್ಲಿ ಬಹಳಷ್ಟು ಸುಧಾರಿಸಿತು. ಹುಟ್ಟು ಕುರುಡನಿಗೆ ದೃಷ್ಟಿ ಬಂದರೆ, ಮುಟ್ಟಿ ತಿಳಿದ ಆಕಾರವನ್ನು ಬರೀ ನೋಡಿ ಗುರುತಿಸಬಲ್ಲನೇ ಎಂದು ಮಾಲಿನೂ ಎಂಬವರು 1688ರಲ್ಲಿ ತತ್ತ್ವಜ್ಞಾನಿ ಲಾಕ್‌ಗೆ ಬರೆದು ಕೇಳಿದ್ದ ಪ್ರಶ್ನೆಗೆ ನಮ್ಮ ದೇಶದ ಮಕ್ಕಳಿಂದ ಉತ್ತರ ದೊರೆತದ್ದು ನನ್ನನ್ನು ಇಂದಿಗೂ ಕಲಕುತ್ತದೆ.

ಉತ್ತರ: ಮೆಕ್ಕೆಜೋಳ ಬೆಳೆಗಾರ, ಜಗಳೂರು

ನಾನು ಕೃಷಿ ಪದವೀಧರ. ಎಲೆಯ ಚಿತ್ರ ನೋಡಿ ರೋಗ ಹೇಳುವ ಯಂತ್ರಗಳ ವಿಷಯದಲ್ಲಿ ಮೇಡಂ ಹೇಳಿದ್ದು ಚೆನ್ನಾಗಿ ಕಾಣುತ್ತದೆ. ಪ್ಲಾಂಟ್‌ವಿಲೇಜ್ ಎಂಬ ಸಂಗ್ರಹದ ಸುಮಾರು 54,000 ಚಿತ್ರಗಳಿಂದ ಕಲಿತ ಯಂತ್ರವು ಅದೇ ಸಂಗ್ರಹದ ಬೇರೆ ಚಿತ್ರಗಳಲ್ಲಿ ಶೇಕಡ 99ಕ್ಕೂ ಹೆಚ್ಚು ಸರಿಯುತ್ತರ ಕೊಟ್ಟಿತು ಎಂದು 2016ರಲ್ಲಿ ವರದಿಯಾಯಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಸುಮಾರು ಶೇಕಡ 31ಕ್ಕೆ ಕುಸಿಯಿತು ಎಂಬುದನ್ನೂ ಅದೇ ಲೇಖನ ಹೇಳಿತ್ತು. ಆಮೇಲೆ ಇನ್ನೊಬ್ಬರು ಎಲೆಯನ್ನು ಬಿಟ್ಟು, ಹಿನ್ನೆಲೆಯ ಎಂಟೇ ಎಂಟು ಚುಕ್ಕೆಗಳಿಂದ ಯಂತ್ರಕ್ಕೆ ಕಲಿಸಿದಾಗಲೂ ಅರ್ಧದಷ್ಟು ಉತ್ತರ ಸರಿಬಂತು. ಅಂದರೆ ರೋಗದೊಂದಿಗೆ ಸಂಬಂಧವೇ ಇಲ್ಲದ ಹಿನ್ನೆಲೆಯಲ್ಲಿಯೇ ಉತ್ತರದ ಸುಳಿವು ಅಡಗಿತ್ತು.

ಸೈನಿಕ ಹುಳು ಬಿದ್ದ ಹೊಲದಲ್ಲಿ ನಾವು ದೂರದಿಂದ ನೋಡಿ ತೀರ್ಮಾನಿಸುವುದಿಲ್ಲ. ತೂತು ಬಿದ್ದ ಎಲೆ ಕಂಡರೆ ಸುಳಿಯನ್ನು ಬಿಡಿಸುತ್ತೇವೆ; ಒಳಗೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ಇದೆಯೇ ಎಂದು ನೋಡುತ್ತೇವೆ; ಹುಳು ಸಿಕ್ಕರೆ ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಚುಕ್ಕೆಗಳಿವೆಯೇ ಎಂದು ಅಂಗೈಯಲ್ಲಿಟ್ಟು ತಿರುಗಿಸುತ್ತೇವೆ. ಸಂಶಯ ಬಂದಾಗ ಮುಂದೆ ಎಲ್ಲಿ ನೋಡಬೇಕು ಎಂಬುದನ್ನು ಅರಿತಿರುವುದೇ ಇಲ್ಲಿನ ಜಾಣತನ. ಕೊಟ್ಟ ಒಂದು ಚಿತ್ರಕ್ಕೆ ಉತ್ತರ ಹೇಳುವ ಯಂತ್ರಕ್ಕೆ ಆ ಅವಕಾಶವೇ ಇರುವುದಿಲ್ಲ.

ಮರುಪ್ರಶ್ನೆ: ಅಧ್ಯಾಪಕ, ಚಳ್ಳಕೆರೆ

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ 1997ರಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಗಣಕಕ್ಕೆ ಕಣ್ಣೂ ಇರಲಿಲ್ಲ, ಕೈಯೂ ಇರಲಿಲ್ಲ. ಗ್ರಹಿಕೆಯಿಲ್ಲದೆ ಬುದ್ಧಿ ಇರಬಹುದು ಎಂಬುದಕ್ಕೆ ಅದು ಸಾಕ್ಷಿಯಲ್ಲವೇ?

ಉತ್ತರ: ಜೀವಶಾಸ್ತ್ರ ಉಪನ್ಯಾಸಕಿ, ಹರಿಹರ

ಸರ್, ಆ ಪಂದ್ಯದಲ್ಲಿ ಗಣಕದ ಎದುರು ಒಬ್ಬ ಮನುಷ್ಯ ಕುಳಿತು, ಎದುರಾಳಿಯ ನಡೆಯನ್ನು ನೋಡಿ ಗಣಕಕ್ಕೆ ತಿಳಿಸುತ್ತಿದ್ದರು, ಗಣಕದ ನಡೆಯನ್ನು ಮಣೆಯ ಮೇಲೆ ತಾವೇ ಇಡುತ್ತಿದ್ದರು. ನೋಡುವ ಕೆಲಸ ಇಲ್ಲವಾಗಿರಲಿಲ್ಲ, ಇನ್ನೊಬ್ಬರ ಪಾಲಿಗೆ ಹೋಗಿತ್ತು, ಅಷ್ಟೇ. ಮಾತಿಗೆ ಮಾತು ಜೋಡಿಸಿ ಉತ್ತರಿಸುವ ಇಂದಿನ ಗಣಕ ಭಾಷಾ ಮಾದರಿಗಳೂ ಕಂಡವರು, ಮುಟ್ಟಿದವರು, ಉಂಡವರು ಬರೆದಿಟ್ಟ ಬರಹದಿಂದಲೇ ಕಲಿತಿವೆ. ಸುಮಾರು ಹತ್ತು ಲಕ್ಷ ನರಕೋಶಗಳಿರುವ ಜೇನುಹುಳ ಯಾರ ಬರಹವನ್ನೂ ಓದದೆ, ಹೂವಿರುವ ದಿಕ್ಕನ್ನೂ ದೂರವನ್ನೂ ತಾನೇ ಹಾರಿ ಅಳೆದು ಬಂದು ಗೂಡಿನ ಕತ್ತಲಲ್ಲಿ ಕುಣಿದು ತಿಳಿಸುತ್ತದೆ. ಡೀಪ್ ಬ್ಲೂಗಿಂತ ಈ ಹುಳವೇ ನಿಮ್ಮ ಪ್ರಶ್ನೆಗೆ ಹತ್ತಿರದ ಉದಾಹರಣೆ ಎಂದು ನನಗೆ ತೋರುತ್ತದೆ.