'ಮಿಲ್ಹೆಮೆತ್ ಮಿತ್ಸ್ವಾ': ಧರ್ಮಯುದ್ಧ ಎನ್ನಬಹುದೇ?

ಪ್ರಶ್ನೆ: ಯೆಹೂದಿ ರಬ್ಬಿಗಳ (ಧರ್ಮಪಂಡಿತರ) ಯುದ್ಧನೀತಿಯ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೀಬ್ರೂವಿನ 'ಮಿಲ್ಹೆಮೆತ್ ಮಿತ್ಸ್ವಾ'ಕ್ಕೆ 'ಧರ್ಮಯುದ್ಧ', 'ಮಿಲ್ಹೆಮೆತ್ ರಶೂತ್'ಗೆ 'ಐಚ್ಛಿಕ ಯುದ್ಧ' ಎಂದಿಟ್ಟರೆ ಸರಿಯೇ?

ಉತ್ತರ: ಎರಡೂ ಬೇಡ ಎನ್ನುತ್ತೇನೆ. 'ಧರ್ಮಯುದ್ಧ' ಎಂದೊಡನೆ ನಮಗೆ ಕುರುಕ್ಷೇತ್ರ ಕಣ್ಣಿಗೆ ಕಟ್ಟುತ್ತದೆ: ಹೇಗೆ ಕಾದಬೇಕು, ನ್ಯಾಯ ಯಾರ ಕಡೆಗಿದೆ ಎಂಬ ಮಾತು. ಪತ್ರಿಕೆಗಳಲ್ಲಿ ಕ್ರುಸೇಡಿಗೂ ಜಿಹಾದಿಗೂ ಅದೇ ಪದ. ರಬ್ಬಿಗಳ ವಿಂಗಡಣೆ ಕೇಳುವುದು ಬೇರೆಯದನ್ನೇ: ಜನರನ್ನು ಯುದ್ಧಕ್ಕೆ ಹೊರಡಿಸುವ ಅಧಿಕಾರ ಯಾರದು, ಹಿಂದಿರುಗಲು ಯಾರಿಗೆ ಅವಕಾಶ?

ಬೈಬಲ್ಲಿನ ಧರ್ಮೋಪದೇಶಕಾಂಡದ 20ನೇ ಅಧ್ಯಾಯದಲ್ಲಿ ನಾಲ್ವರಿಗೆ ಮರಳಲು ಅಪ್ಪಣೆಯಿದೆ. ಹೊಸ ಮನೆ ಕಟ್ಟಿ ಪ್ರವೇಶ ಮಾಡದವನು, ದ್ರಾಕ್ಷಿತೋಟ ಹಾಕಿ ಫಲ ಉಣ್ಣದವನು, ಹೆಣ್ಣು ನಿಶ್ಚಯವಾಗಿ ಮದುವೆಯಾಗದವನು, ಎದೆಗುಂದಿದವನು. ರಬ್ಬಿಗಳ ವಿಧಿಗಳ ಸಂಕಲನವಾದ ಮಿಶ್ನಾ (ಅದರ ಸೋಟಾ ಭಾಗ, 8:7) ಇದನ್ನು ರಶೂತ್ ಯುದ್ಧಕ್ಕೆ ಮಾತ್ರ ಅನ್ವಯಿಸುತ್ತದೆ. ಮಿತ್ಸ್ವಾ ಯುದ್ಧವಾದರೆ ಮದುಮಗ ಕೋಣೆಯಿಂದ, ಮದುಮಗಳು ಹಂದರದಿಂದ ಎದ್ದು ಬರಬೇಕು. (ಮದುವೆಯ ಚಪ್ಪರಕ್ಕಿರುವ ಹೀಬ್ರೂ ಪದ 'ಹುಪ್ಪಾ'ಕ್ಕೆ ಹಂದರ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.) ಮರಳಿದವರು ಸುಮ್ಮನೆ ಕೂರುವುದಿಲ್ಲ, ಸೈನ್ಯಕ್ಕೆ ನೀರು, ಆಹಾರ ಒದಗಿಸಿ ದಾರಿ ದುರಸ್ತಿ ಮಾಡಬೇಕು. ಆದ್ದರಿಂದ ಅವರ ವಿಷಯದಲ್ಲಿ 'ಬಿಡುಗಡೆ' ಎಂದೂ ಬರೆಯಬೇಡಿ.

'ಮಿತ್ಸ್ವಾ' ಎಂದರೆ ದೇವರ ಆಜ್ಞೆ. 'ಆಜ್ಞಾಯುದ್ಧ' ಎಂದರೆ ದಳಪತಿಯ ಹುಕುಂ ಎನಿಸುತ್ತದೆ. ಶಾಸ್ತ್ರವಿಹಿತ ಎಂಬ ಬಳಕೆ ನಮ್ಮಲ್ಲಿ ಇದ್ದೇ ಇರುವುದರಿಂದ 'ವಿಹಿತ ಯುದ್ಧ' ನನ್ನ ಆಯ್ಕೆ. ಮಧ್ಯಯುಗದ ಯೆಹೂದಿ ಶಾಸ್ತ್ರಕಾರ ಮೈಮೋನಿಡೀಸ್ ಇದರಡಿ ಮೂರನ್ನು ಎಣಿಸುತ್ತಾನೆ: ಕಾನಾನಿನ ಏಳು ಜನಾಂಗಗಳ ಮೇಲಿನದು, ಬೈಬಲ್ಲಿನಲ್ಲಿ ಇಸ್ರಾಯೇಲಿನ ವೈರಿಗಳಾದ ಅಮಾಲೇಕ್ಯರ ಮೇಲಿನದು, ಏರಿಬಂದ ವೈರಿಯಿಂದ ಇಸ್ರಾಯೇಲನ್ನು ಕಾಪಾಡುವುದು. ಆ ಏಳು ಜನಾಂಗಗಳ ಗುರುತೇ ಅಳಿದುಹೋಗಿದೆ ಎಂದೂ ಅವನೇ ಹೇಳುತ್ತಾನೆ.

'ಐಚ್ಛಿಕ'ದ ತೊಡಕು ಇನ್ನೊಂದು. ಕಾಲೇಜಿನ ಐಚ್ಛಿಕ ಕನ್ನಡದ ಹಾಗೆ ಆಯ್ಕೆ ಸಿಪಾಯಿಯದು ಎನಿಸಿಬಿಡುತ್ತದೆ. ಇಲ್ಲಿ ಇಚ್ಛೆ ರಾಜನದು, ಅದೂ 71 ಮಂದಿಯ ನ್ಯಾಯಸಭೆ ಒಪ್ಪಿದರೆ ಮಾತ್ರ (ಮಿಶ್ನಾದ ಸನ್ಹೆದ್ರಿನ್ ಭಾಗ, 1:5). ದಾವೀದ ರಾಜ್ಯ ವಿಸ್ತರಿಸಲು ಮಾಡಿದ ಯುದ್ಧಗಳು ಈ ಬಗೆಯವು. 'ಅನುಮತಿಯ ಯುದ್ಧ' ಎನ್ನಿ.

ನಿಜವಾದ ಅಪಾಯ ಇರುವುದು ಮೇಲೆ ಹೇಳಿದ ಸೋಟಾ 8:7ರ ಕೊನೆಯಲ್ಲಿ. ರಬ್ಬಿ ಯೆಹೂದಾ ಹೆಸರುಗಳನ್ನು ಒಂದು ಮೆಟ್ಟಿಲು ಸರಿಸುತ್ತಾನೆ. ಅವನ ಬಾಯಲ್ಲಿ ಹಿಂದಿರುಗಲು ಅವಕಾಶವಿರುವುದು 'ಮಿತ್ಸ್ವಾ' ಯುದ್ಧದಲ್ಲಿ. ಎಲ್ಲರೂ ಹೊರಡಬೇಕಾದ್ದು 'ಹೊವಾ' (ಕಡ್ಡಾಯ) ಯುದ್ಧಕ್ಕೆ. ವೈರಿ ಮುಂದೆ ಏರಿಬರಬಾರದೆಂದು ಮೊದಲೇ ಹೊಡೆಯುವ ಯುದ್ಧ ಎಲ್ಲಿ ಸೇರಬೇಕೆಂಬುದೇ ಇಲ್ಲಿನ ಭಿನ್ನಮತ ಎಂದು ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮೂದಿನಲ್ಲಿ ರಾವಾ ಎಂಬ ಪಂಡಿತ ಬಿಡಿಸುತ್ತಾನೆ. 'ಹೊವಾ'ಕ್ಕೆ 'ಕಡ್ಡಾಯ ಯುದ್ಧ' ಎಂದಿಟ್ಟು, 'ವಿಹಿತ' ಬಂದಲ್ಲೆಲ್ಲ ಅದು ಯಾರ ಮಾತೆಂದು ಸೇರಿಸಿ ಬರೆಯಿರಿ. ಇಲ್ಲದಿದ್ದರೆ ಒಂದೇ ಪುಟದಲ್ಲಿ ಮದುಮಗ ಮನೆಗೂ ಹೋಗುತ್ತಾನೆ, ರಣರಂಗಕ್ಕೂ ಹೋಗುತ್ತಾನೆ.